ಒಂದೇ ಬೋಗುಣಿಯಲ್ಲಿ ಪೂರ್ಣಾಹಾರ: ಸಜ್ಜೆಯ ಅನ್ನ, ಶೇಂಗಾ ಗೊಜ್ಜು



ಹೊಟ್ಟೆ ತುಂಬುವುದು ಬೇರೆ, ದೇಹಕ್ಕೆ ಪುಷ್ಟಿ ದೊರೆಯುವುದು ಬೇರೆ. ಬರಿಯ ಅನ್ನ, ತಿಳಿಸಾರು ಉಂಡರೆ ಹಸಿವೇನೋ ಅಡಗುತ್ತದೆ. ಆದರೆ ರಕ್ತವೃದ್ಧಿಗೆ ಬೇಕಾದ ಕಬ್ಬಿಣಾಂಶವಾಗಲಿ, ಶರೀರದ ಬೆಳವಣಿಗೆಗೆ ಬೇಕಾದ ಸಸಾರಜನಕವಾಗಲಿ ಅದರಲ್ಲಿ ಸಾಕಷ್ಟು ಇರುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ನಮ್ಮ ದೇಶದಲ್ಲಿ 15ರಿಂದ 49 ವರ್ಷ ವಯಸ್ಸಿನ ಪ್ರತಿ 100 ಸ್ತ್ರೀಯರಲ್ಲಿ 57 ಮಂದಿಗೆ ರಕ್ತಹೀನತೆಯಿತ್ತು. ಗರ್ಭಿಣಿಗೆ ರಕ್ತಹೀನತೆಯಿದ್ದರೆ ಶಿಶು ದಿನ ತುಂಬುವ ಮೊದಲೇ, ಇಲ್ಲವೆ ಕಡಿಮೆ ತೂಕದಿಂದ ಹುಟ್ಟಬಹುದು. ಹೆರಿಗೆಯಲ್ಲಿ ರಕ್ತಸ್ರಾವವಾದರೆ ತಾಯಿಯ ಪ್ರಾಣಕ್ಕೇ ಸಂಚಕಾರ ಬರಬಹುದು.

ಕಡಿಮೆ ಖರ್ಚಿನಲ್ಲಿ ಪೌಷ್ಟಿಕ ಊಟ ಮಾಡುವ ಒಂದು ಬಗೆಯನ್ನು ಪಶ್ಚಿಮ ಆಫ್ರಿಕಾದ ರೈತ ಕುಟುಂಬಗಳಿಂದ ನಾವು ಕಲಿಯಬಹುದು.

ದೂರದ ಅಡುಗೆ, ಪರಿಚಿತ ಧಾನ್ಯ

ಸೆನೆಗಲ್, ಮಾಲಿ ಮೊದಲಾದ ದೇಶಗಳ ಮಳೆ ಕಡಿಮೆಯಾದ ಸೀಮೆಗಳಲ್ಲಿ ಸಜ್ಜೆಯೇ ಮುಖ್ಯ ಬೆಳೆ. ಅಲ್ಲಿನ ಗೃಹಿಣಿಯರು ಸಜ್ಜೆಯ ಹಿಟ್ಟಿಗೆ ನೀರು ಚಿಮುಕಿಸಿ, ಸಣ್ಣ ಹರಳುಗಳಂತೆ ಉದುರಿಸಿ, ಹಬೆಯಲ್ಲಿ ಬೇಯಿಸುತ್ತಾರೆ. ಅದರ ಮೇಲೆ ಶೇಂಗಾದ ಗಟ್ಟಿ ಗೊಜ್ಜನ್ನು ಸುರಿದುಕೊಳ್ಳುವುದುಂಟು. ಈ ಗೊಜ್ಜಿಗೆ ಸೆನೆಗಲ್‌ನಲ್ಲಿ 'ಮಾಫೆ' ಎಂದು ಹೆಸರು. ಮಾಂಸ ಹಾಕಿ ಮಾಡುವುದೇ ಹೆಚ್ಚಾದರೂ, ಕಾಳು, ಗೆಣಸು, ಸೊಪ್ಪುಗಳಿಂದಲೂ ಇದನ್ನು ಸಿದ್ಧಪಡಿಸಬಹುದು.

ಈ ಪದಾರ್ಥಗಳು ನಮಗೆ ಹೊಸವಲ್ಲ. ಸಜ್ಜೆ ಮತ್ತು ಅಲಸಂದೆಗಳು ಆಫ್ರಿಕಾದಲ್ಲಿ ಮೊದಲು ಕೃಷಿಗೆ ಬಂದು, ಸಾವಿರಾರು ವರ್ಷಗಳ ಹಿಂದೆಯೇ ನಮ್ಮ ನಾಡನ್ನು ತಲುಪಿದ ಬೆಳೆಗಳು. ಶೇಂಗಾ ದಕ್ಷಿಣ ಅಮೆರಿಕದಿಂದ ಎರಡೂ ಕಡೆಗೆ ಬಂದಿತು. ನಮ್ಮ ನುಗ್ಗೆಯಾದರೋ ಅಲ್ಲಿಗೆ ಹೋಗಿ, ಅಲ್ಲಿನವರ ಅಚ್ಚುಮೆಚ್ಚಿನ ಸೊಪ್ಪಾಗಿದೆ.

ಇದರಲ್ಲಿರುವ ಸತ್ವ

100 ಗ್ರಾಂ ಸಜ್ಜೆಯಲ್ಲಿ ಸುಮಾರು 11 ಗ್ರಾಂ ಸಸಾರಜನಕವೂ 6 ಮಿಲಿಗ್ರಾಂ ಕಬ್ಬಿಣಾಂಶವೂ ಇವೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಕಬ್ಬಿಣಾಂಶ 1 ಮಿಲಿಗ್ರಾಂ ಸಹ ಇಲ್ಲ. ಧಾನ್ಯದ ಸಸಾರಜನಕದಲ್ಲಿರುವ ಕೊರತೆಯನ್ನು ಕಾಳು ತುಂಬುತ್ತದೆ. ಕಾಳಿನ ಕೊರತೆಯನ್ನು ಧಾನ್ಯ ತುಂಬುತ್ತದೆ. ನಿಂಬೆಹುಳಿಯಲ್ಲಿರುವ 'ಸಿ' ಜೀವಸತ್ವವು ಕಬ್ಬಿಣಾಂಶವನ್ನು ದೇಹವು ಹೀರಿಕೊಳ್ಳಲು ನೆರವಾಗುತ್ತದೆ.

ಬೇಕಾಗುವ ಪದಾರ್ಥಗಳು (ನಾಲ್ವರಿಗೆ)

ಸಜ್ಜೆಯ ನುಚ್ಚು 2 ಲೋಟ, ಅಲಸಂದೆ ಕಾಳು ಅರ್ಧ ಲೋಟ, ಶೇಂಗಾ ಬೀಜ 1 ಲೋಟ, ಈರುಳ್ಳಿ 2, ಟೊಮೆಟೊ 4, ಸಿಹಿಗೆಣಸು 2, ಒಣಮೆಣಸಿನಕಾಯಿ 2, ಬೆಳ್ಳುಳ್ಳಿ 6 ಎಸಳು, ಶುಂಠಿ ಒಂದು ತುಂಡು, ನುಗ್ಗೆಸೊಪ್ಪು 2 ಹಿಡಿ, ಎಣ್ಣೆ 2 ಚಮಚ, ನಿಂಬೆಹಣ್ಣು 1, ರುಚಿಗೆ ತಕ್ಕಷ್ಟು ಅಯೋಡಿನ್‌ಯುಕ್ತ ಉಪ್ಪು.

ಮಾಡುವ ವಿಧಾನ

1. ಅಲಸಂದೆಯನ್ನು ರಾತ್ರಿ ನೆನೆಹಾಕಿ, ಮರುದಿನ ಮೆತ್ತಗೆ ಬೇಯಿಸಿರಿ.

2. ಸಜ್ಜೆಯ ನುಚ್ಚನ್ನು ತೊಳೆದು ಒಂದು ಗಂಟೆ ನೆನೆಸಿರಿ. ನೀರು ಬಸಿದು, ಕುದಿಯುವ 5 ಲೋಟ ನೀರಿಗೆ ಹಾಕಿ, ಸಣ್ಣ ಉರಿಯಲ್ಲಿ ಅನ್ನದಂತೆ ಬೇಯಿಸಿರಿ.

3. ಶೇಂಗಾವನ್ನು ಹದವಾಗಿ ಹುರಿದು, ಸಿಪ್ಪೆ ತೆಗೆದು, ನುಣ್ಣಗೆ ಅರೆಯಿರಿ.

4. ಎಣ್ಣೆಯಲ್ಲಿ ಈರುಳ್ಳಿಯನ್ನು ಬಾಡಿಸಿ, ಅರೆದ ಶುಂಠಿ, ಬೆಳ್ಳುಳ್ಳಿ, ಮೆಣಸಿನಕಾಯಿಗಳನ್ನು ಸೇರಿಸಿರಿ. ಹೆಚ್ಚಿದ ಟೊಮೆಟೊ ಹಾಕಿ ಕರಗುವವರೆಗೆ ಬೇಯಿಸಿರಿ.

5. ಗೆಣಸಿನ ಹೋಳು, ಬೆಂದ ಅಲಸಂದೆ, 4 ಲೋಟ ನೀರು ಮತ್ತು ಉಪ್ಪು ಹಾಕಿ, ಶೇಂಗಾ ಮುದ್ದೆಯನ್ನು ಗಂಟಾಗದಂತೆ ಕಲಸಿರಿ. ತಳ ಹತ್ತದಂತೆ ಆಗಾಗ ಕೈಯಾಡಿಸುತ್ತ, ಎಣ್ಣೆ ಮೇಲೆ ತೇಲುವವರೆಗೆ ಕುದಿಸಿರಿ.

6. ಕೊನೆಯ ಐದು ನಿಮಿಷವಿರುವಾಗ ನುಗ್ಗೆಸೊಪ್ಪು ಹಾಕಿರಿ. ಇಳಿಸಿದ ಮೇಲೆ ನಿಂಬೆರಸ ಹಿಂಡಿರಿ.

ಎಚ್ಚರಿಕೆಗಳು

ಬೂಷ್ಟು ಹಿಡಿದ, ಸುಕ್ಕಾದ, ಕಹಿಯಾದ ಶೇಂಗಾವನ್ನು ಬಳಸಕೂಡದು. ಅದರಲ್ಲಿರಬಹುದಾದ ವಿಷವು ಯಕೃತ್ತಿಗೆ ಹಾನಿಕರ. ಹುರಿದ ಮಾತ್ರಕ್ಕೆ ಅದು ಪೂರ್ತಿ ನಾಶವಾಗುವುದಿಲ್ಲ. ಚಿಕ್ಕ ಮಕ್ಕಳಿಗೆ ಇಡೀ ಶೇಂಗಾ ಬೀಜ ಕೊಡಬೇಡಿರಿ, ಗಂಟಲಿಗೆ ಸಿಕ್ಕೀತು. ಊಟದ ಜೊತೆಗೆ ಚಹಾ, ಕಾಫಿ ಬೇಡ; ಅವು ಕಬ್ಬಿಣಾಂಶ ದೇಹಗತವಾಗುವುದಕ್ಕೆ ಅಡ್ಡಿಯಾಗುತ್ತವೆ. ಈ ಊಟವು ಕಬ್ಬಿಣದ ಮಾತ್ರೆಗಳಿಗೆ ಬದಲಿಯಲ್ಲ. ಗರ್ಭಿಣಿಯರು ಆರೋಗ್ಯ ಕಾರ್ಯಕರ್ತೆಯು ಕೊಡುವ ಮಾತ್ರೆಗಳನ್ನು ತಪ್ಪದೆ ಸೇವಿಸಬೇಕು.

ಜೊತೆಗೂಡಿ ಉಣ್ಣಿರಿ

ಸೆನೆಗಲ್‌ನಲ್ಲಿ ಮನೆಯವರು ಒಂದು ದೊಡ್ಡ ಬೋಗುಣಿಯ ಸುತ್ತ ಕುಳಿತು ಉಣ್ಣುವ ಪದ್ಧತಿಯಿದೆ. ನಮ್ಮ ಎಷ್ಟೋ ಮನೆಗಳಲ್ಲಿ ಗಂಡ, ಮಕ್ಕಳು, ಹಿರಿಯರೆಲ್ಲ ಉಂಡ ಬಳಿಕ ಉಳಿದದ್ದು ಗೃಹಿಣಿಯ ಪಾಲು. ಹಾಗಾದಾಗ ಗೊಜ್ಜಿನ ಕಾಳು, ಸೊಪ್ಪು ಮುಗಿದು ಅವಳಿಗೆ ಬರಿಯ ಅನ್ನವಷ್ಟೇ ಉಳಿದೀತು. ಎಷ್ಟೇ ಸತ್ವಯುತ ಅಡುಗೆಯಾದರೂ, ಅದು ಹೆಚ್ಚು ಅವಶ್ಯವಿರುವವಳನ್ನೇ ತಲುಪದಿದ್ದರೆ ಫಲವೇನು?

ಗೃಹಸ್ಥರೇ, ಇಂದು ರಾತ್ರಿ ನಿಮ್ಮ ಮಡದಿಯನ್ನೂ ಜೊತೆಯಲ್ಲಿ ಕೂರಿಸಿಕೊಂಡು, ಅವಳ ತಟ್ಟೆಗೂ ಕಾಳು, ಸೊಪ್ಪು ಬಿದ್ದಿವೆಯೇ ಎಂದು ನೋಡಿರಿ. ಸಹೋದರಿಯರೇ, ಕೊನೆಗೆ ಉಳಿದದ್ದೇ ಸಾಕೆಂದು ಸುಮ್ಮನಿರಬೇಡಿರಿ. ತಾಯಿಯ ಆರೋಗ್ಯವೇ ಮನೆಯ ಭಾಗ್ಯ.