ಕಳೆದುಹೋದ ಕೀಲಿಕೈ ಮತ್ತು ಒಡೆತನದ ಪ್ರಮಾಣ

೧. ಪ್ರಸ್ತಾವನೆ

ವಾಹನದ ಕೀಲಿಕೈ ಕಳೆದುಹೋಗಿ, ಅದರ ಜೊತೆಯ ಇನ್ನೊಂದು ಕೀಲಿಕೈಯೂ ಇಲ್ಲದಿದ್ದರೆ ಹೊಸದನ್ನು ಪಡೆಯುವ ಬಗೆ ಹೇಗೆ? ಇತಿಹಾಸ ವಿಭಾಗದ ಸಂಶೋಧನ ಪತ್ರಿಕೆಯಲ್ಲಿ ಚರ್ಚಿಸತಕ್ಕ ಪ್ರಶ್ನೆ ಇದಲ್ಲವೆಂದು ವಾಚಕರಿಗೆ ತೋರಬಹುದು. ಇದು ಬೀಗ ರಿಪೇರಿಯವರ, ಹೆಚ್ಚೆಂದರೆ ಯಂತ್ರಶಾಸ್ತ್ರಜ್ಞರ ವಿಷಯವೆಂಬುದು ಸಾಮಾನ್ಯವಾದ ಭಾವನೆ. ಆದರೆ ಸ್ವಲ್ಪ ವಿಚಾರಮಾಡಿ ನೋಡಿದರೆ, ಇದರ ಅಡಿಯಲ್ಲಿ ಇತಿಹಾಸದ ವಿದ್ಯಾರ್ಥಿಗೆ ಚಿರಪರಿಚಿತವಾದ ಸಮಸ್ಯೆಯೊಂದು ಅಡಗಿರುವುದು ಕಂಡುಬರುತ್ತದೆ. ಹಕ್ಕನ್ನು ತೋರಿಸುವ ವಸ್ತುವೇ ನಷ್ಟವಾದಾಗ ಆ ಹಕ್ಕನ್ನು ಯಾವ ಆಧಾರದಿಂದ ಮರಳಿ ಸ್ಥಾಪಿಸಬೇಕು? ಹಾಗೆ ಸ್ಥಾಪಿಸುವಾಗ ಹಕ್ಕಿಲ್ಲದವನು ಅದೇ ದಾರಿಯಿಂದ ಒಳಗೆ ಬಾರದಂತೆ ತಡೆಯುವುದು ಹೇಗೆ? ಪ್ರಸ್ತುತ ಲೇಖನದಲ್ಲಿ ಈ ಎರಡು ಪ್ರಶ್ನೆಗಳನ್ನು ವಾಹನದ ಕೀಲಿಕೈಯ ದೃಷ್ಟಾಂತದಿಂದ ವಿವೇಚಿಸಲು ಪ್ರಯತ್ನಿಸಲಾಗಿದೆ.

ವಿಷಯವು ಈ ಲೇಖಕನ ಗಮನಕ್ಕೆ ಬಂದುದು ಸ್ವಾನುಭವದಿಂದಲೇ. ಕಳೆದ ವರ್ಷ ವಿದ್ಯಾರ್ಥಿಗಳೊಡನೆ ಲಕ್ಕುಂಡಿಗೆ ಹೋಗಿದ್ದಾಗ, ಸಂಜೆ ಹಿಂತಿರುಗುವ ವೇಳೆಗೆ ಕಾರಿನ ಕೀಲಿಕೈ ಜೇಬಿನಲ್ಲಿರಲಿಲ್ಲ. ಗುಡಿಗಳ ಸುತ್ತಮುತ್ತ, ಬಾವಿಯ ಮೆಟ್ಟಿಲುಗಳ ಮೇಲೆ, ಹೊಲದ ಬದುವಿನಲ್ಲಿ ಕತ್ತಲಾಗುವವರೆಗೂ ಹುಡುಕಿದರೂ ದೊರೆಯಲಿಲ್ಲ. ಕಾರು ಕೆಲವು ತಿಂಗಳ ಹಿಂದೆ ಒಬ್ಬ ಹಿರಿಯರಿಂದ ಕೊಂಡುಕೊಂಡುದು. ಒಂದೇ ಕೀಲಿಕೈಯೊಡನೆ ಬಂದುದು. ಎರಡು ದಿನಗಳ ಶ್ರಮದಿಂದ ತೆಗೆದ ಪಡಿಯಚ್ಚುಗಳು ಬೀಗ ಹಾಕಿದ ಆ ಕಾರಿನೊಳಗಿದ್ದುವು. ಮುಂದೆ ನಡೆದುದನ್ನು ಸಂದರ್ಭಾನುಸಾರವಾಗಿ ಹೇಳಲಾಗುವುದು.

೨. ಕೀಲಿಕೈಯ ಪೂರ್ವಚರಿತ್ರೆ

ಉತ್ತರ ಕರ್ನಾಟಕದ ಬಳಕೆಯಲ್ಲಿ ಕೀಲಿ ಎಂದರೆ ಬೀಗ. ಅದನ್ನು ತೆರೆಯುವ ಸಾಧನವು ಕೀಲಿಯ ಕೈ. ಮೈಸೂರಿನ ಕಡೆಯವರು ಬೀಗದ ಕೈ ಎನ್ನುವುದೂ ಇದನ್ನೇ. ಬೀಗವನ್ನು ತೆರೆಯಬಲ್ಲ ಕೈ ಯಾರಲ್ಲಿದೆಯೋ ಅವನೇ ಒಳಗಿನ ವಸ್ತುವಿಗೆ ಅಧಿಕಾರಿಯೆಂಬ ಭಾವನೆ ಬಹು ಪುರಾತನವಾದುದು. ಆದರೆ ಬೀಗಕ್ಕೆ ಕೈಯ ಆಕಾರವಷ್ಟೇ ಗೊತ್ತು. ಅದನ್ನು ಹಿಡಿದವನು ಯಾರೆಂಬುದು ಗೊತ್ತಿಲ್ಲ. ಬೀಗದ ಇತಿಹಾಸವೆಲ್ಲವೂ ಈ ಕೊರತೆಯನ್ನು ತುಂಬುವ ಪ್ರಯತ್ನಗಳ ಇತಿಹಾಸವೆಂದರೆ ತಪ್ಪಾಗಲಾರದು.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಎಂಬ ಶಿಲ್ಪಿಯು ಹೊಸ ಬಗೆಯ ಬೀಗವೊಂದನ್ನು ನಿರ್ಮಿಸಿ ೧೭೮೪ರಲ್ಲಿ ಅದಕ್ಕೆ ಪೇಟೆಂಟನ್ನು ಪಡೆದನು. ಅದನ್ನು ಕೃತ್ರಿಮವಾಗಿ ತೆರೆದವರಿಗೆ ೨೦೦ ಗಿನಿಗಳ ಬಹುಮಾನವನ್ನು ಸಾರಿ, ಆ ಬೀಗವನ್ನು ಲಂಡನ್ನಿನ ಅಂಗಡಿಯ ಕಿಟಕಿಯಲ್ಲಿ ಪ್ರದರ್ಶನಕ್ಕಿಡಲಾಗಿತ್ತು. ಅರ್ಧ ಶತಮಾನಕ್ಕೂ ಮಿಕ್ಕಿ ಅದು ಅಜೇಯವಾಗಿ ಉಳಿಯಿತು. ೧೮೫೧ರ ಮಹಾಪ್ರದರ್ಶನದ ಕಾಲದಲ್ಲಿ ಅಮೆರಿಕದಿಂದ ಬಂದಿದ್ದ ಆಲ್‌ಫ್ರೆಡ್ ಹಾಬ್ಸ್ ಎಂಬವನು ಹದಿನಾರು ದಿನಗಳ ಅವಧಿಯಲ್ಲಿ ಒಟ್ಟು ೫೧ ಗಂಟೆಗಳ ಕಾಲ ಶ್ರಮಿಸಿ ಅದನ್ನು ತೆರೆದನು. ಮನುಷ್ಯನು ಮಾಡಿದ ಬೀಗವನ್ನು ಮನುಷ್ಯನು ತೆರೆಯಬಲ್ಲನೆಂಬುದು ಅಂದು ಪ್ರಸಿದ್ಧವಾಯಿತು. ಅದೇ ಕಾಲದ ಲೈನಸ್ ಯೇಲ್ ಎಂಬ ಅಮೆರಿಕನ್ ಶಿಲ್ಪಿಯು ೧೮೬೧ ಮತ್ತು ೧೮೬೫ರಲ್ಲಿ ಪೇಟೆಂಟ್ ಪಡೆದ ಬೀಗವು ಇಂದಿನ ಚಪ್ಪಟೆಯಾದ, ಅಂಚಿನಲ್ಲಿ ಹಲ್ಲುಗಳುಳ್ಳ ಕೀಲಿಕೈಗೆ ಮಾದರಿಯಾಯಿತು.

ಮೋಟಾರು ವಾಹನವು ಮೊದಲಿಗೆ ಕೀಲಿಕೈಯಿಂದ ನಡೆಯುತ್ತಿರಲಿಲ್ಲ. ಮುಂಭಾಗದ ಹಿಡಿಯನ್ನು ಕೈಯಿಂದ ತಿರುಗಿಸಿ ಎಂಜಿನ್ನನ್ನು ಎಬ್ಬಿಸಬೇಕಾಗಿತ್ತು. ೧೯೧೨ರ ಕ್ಯಾಡಿಲ್ಯಾಕ್ ಕಾರಿನಲ್ಲಿ ವಿದ್ಯುತ್ತಿನ ಸ್ಟಾರ್ಟರು ಬಂದಿತು. ಕೀಲಿಕೈಯನ್ನು ತಿರುಗಿಸುವುದರಿಂದಲೇ ಎಂಜಿನ್ನನ್ನು ಎಬ್ಬಿಸುವ ಕ್ರಮವನ್ನು ಕ್ರೈಸ್ಲರ್ ಸಂಸ್ಥೆಯು ೧೯೪೯ರ ಮಾದರಿಗಳಲ್ಲಿ ಬಳಕೆಗೆ ತಂದಿತು. ಕ್ರಮೇಣ ಬಾಗಿಲನ್ನು ತೆರೆಯುವ ಹಕ್ಕೂ ವಾಹನವನ್ನು ನಡೆಸುವ ಹಕ್ಕೂ ಒಂದೇ ಲೋಹದ ತುಂಡಿನಲ್ಲಿ ಕೂಡಿಕೊಂಡುವು.

೩. ಆಕಾರದಿಂದ ಗುರುತಿಗೆ

ವಾಹನದ ಬೀಗದ ಒಳಗೆ ಸಾಲಾಗಿ ತೆಳುವಾದ ಲೋಹದ ಬಿಲ್ಲೆಗಳಿರುತ್ತವೆ. ಅವುಗಳನ್ನು ಒತ್ತಿಹಿಡಿಯುವ ಸಣ್ಣ ಸ್ಪ್ರಿಂಗುಗಳಿರುತ್ತವೆ. ಸರಿಯಾದ ಕೀಲಿಕೈ ಒಳಹೊಕ್ಕಾಗ ಅದರ ಒಂದೊಂದು ಹಲ್ಲಿನ ಆಳಕ್ಕೆ ಅನುಸಾರವಾಗಿ ಒಂದೊಂದು ಬಿಲ್ಲೆಯೂ ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಆಗ ಬೀಗದ ಒಳಕೊಳವೆ ತಿರುಗುತ್ತದೆ. ಆರು ಬಿಲ್ಲೆಗಳಿದ್ದು, ಪ್ರತಿಯೊಂದಕ್ಕೂ ನಾಲ್ಕು ಬಗೆಯ ಆಳಗಳು ಸಾಧ್ಯವೆಂದು ಇಟ್ಟುಕೊಂಡರೆ, ಆಗಬಹುದಾದ ಒಟ್ಟು ಕೀಲಿಕೈಗಳು ೪,೦೯೬ ಮಾತ್ರ. ಲಕ್ಷಗಟ್ಟಲೆ ವಾಹನಗಳು ತಯಾರಾಗುವಲ್ಲಿ ಒಂದರ ಕೀಲಿಕೈ ಇನ್ನೊಂದಕ್ಕೆ ಹೊಂದುವುದು ಆಶ್ಚರ್ಯವಲ್ಲ. ಸ್ಟೇರಿಂಗನ್ನು ಬಂಧಿಸುವ ಬೀಗ ಮೊದಲಾದ ಉಪಾಯಗಳಿಂದಲೂ ಈ ಕೊರತೆ ನೀಗಲಿಲ್ಲ.

ಆದುದರಿಂದ ಆಕಾರದೊಡನೆ ಗುರುತನ್ನೂ ಸೇರಿಸುವ ಪ್ರಯತ್ನ ನಡೆಯಿತು. ೧೯೮೬ರ ಕಾರ್ವೆಟ್ ಕಾರಿನ ಕೀಲಿಕೈಯಲ್ಲಿ ವಿದ್ಯುತ್ ನಿರೋಧಕದ ಸಣ್ಣ ಗುಂಡೊಂದನ್ನು ಕೂಡಿಸಲಾಗಿತ್ತು. ಆದರೆ ಅದಕ್ಕಿದ್ದ ಭಿನ್ನ ಬೆಲೆಗಳು ಕೇವಲ ಹದಿನೈದು. ಅನಂತರ ಬಂದುದು ಟ್ರಾನ್ಸ್‌ಪಾಂಡರ್ ಎಂಬ ಚಿಪ್ಪು. ಕೀಲಿಕೈಯ ತಲೆಯಲ್ಲಿ ಹುದುಗಿರುವ ಈ ಚಿಪ್ಪಿಗೆ ಬ್ಯಾಟರಿ ಬೇಕಿಲ್ಲ. ಕೀಲಿಕೈಯನ್ನು ಬೀಗಕ್ಕೆ ಹಾಕಿದಾಗ, ಬೀಗದ ಸುತ್ತಲಿನ ತಂತಿಯ ಸುರುಳಿಯಿಂದ ಅದಕ್ಕೆ ಶಕ್ತಿ ಒದಗುತ್ತದೆ. ವಾಹನವು ಒಂದು ಪ್ರಶ್ನೆಯನ್ನು ಕಳುಹಿಸುತ್ತದೆ. ಚಿಪ್ಪು ತನ್ನಲ್ಲಿರುವ ಗುಪ್ತಸಂಖ್ಯೆಯಿಂದ ಲೆಕ್ಕಹಾಕಿ ಉತ್ತರವನ್ನು ಕೊಡುತ್ತದೆ. ಉತ್ತರವು ಸರಿಯಾಗಿದ್ದರೆ ಮಾತ್ರ ಎಂಜಿನ್ನಿಗೆ ನಡೆಯಲು ಅಪ್ಪಣೆ. ಈ ವ್ಯವಸ್ಥೆಗೆ ಇಮ್ಮೊಬಿಲೈಸರ್ ಎಂದು ಹೆಸರು. ಯುರೋಪಿನ ಒಕ್ಕೂಟವು ೧೯೯೫ರಲ್ಲಿ ಹೊರಡಿಸಿದ ನಿರ್ದೇಶದ ಪ್ರಕಾರ ೧೯೯೮ರ ಅಕ್ಟೋಬರಿನಿಂದ ಹೊಸ ಕಾರುಗಳಲ್ಲಿ ಇದು ಕಡ್ಡಾಯವಾಯಿತು. ಇದರಿಂದ ೧೯೯೫–೨೦೦೮ರ ಅವಧಿಯಲ್ಲಿ ನೆದರ್ಲೆಂಡ್ಸ್ ದೇಶದ ಕಾರುಗಳ್ಳತನವು ಸರಾಸರಿ ಸುಮಾರು ಶೇಕಡ ೪೦ರಷ್ಟು ತಗ್ಗಿತೆಂದು ಅರ್ಥಶಾಸ್ತ್ರಜ್ಞರಾದ ವಾನ್ ಅವರ್ಸ್ ಮತ್ತು ವೊಲ್ಲಾರ್ಡ್ ಅಂದಾಜುಮಾಡಿದ್ದಾರೆ.

ಹಾಗೆಂದು ಇದು ಅಭೇದ್ಯವೆಂದು ತಿಳಿಯಬಾರದು. ಇಂತಹ ಚಿಪ್ಪೊಂದರ ೪೦ ಬಿಟ್ಟುಗಳ ಗುಪ್ತಸಂಖ್ಯೆಯನ್ನು ಭೇದಿಸಬಹುದೆಂದು ಅಮೆರಿಕದ ಸಂಶೋಧಕರು ೨೦೦೫ರಲ್ಲಿ ತೋರಿಸಿಕೊಟ್ಟರು. ಹಾಬ್ಸನ ಕಥೆ ಬೇರೊಂದು ರೂಪದಲ್ಲಿ ಮರುಕಳಿಸಿತೆನ್ನಬಹುದು.

೪. ಹೊಸ ಕೀಲಿಕೈಯನ್ನು ಪಡೆಯುವ ಕ್ರಮ

ಇಷ್ಟನ್ನು ಹೇಳಿದ ಮೇಲೆ ಮೂಲಪ್ರಶ್ನೆಗೆ ಬರಬಹುದು. ಬದಲಿಗೆ ಇನ್ನೊಂದಿಲ್ಲದ ಕೀಲಿಕೈ ಕಳೆದಾಗ ಮಾಡಬೇಕಾದ ಕಾರ್ಯವು ಎರಡು ಬಗೆಯದು: ಲೋಹದ ಆಕಾರವನ್ನು ಮರಳಿ ಪಡೆಯುವುದು ಮೊದಲನೆಯದು, ಗುರುತನ್ನು ಮರಳಿ ಪಡೆಯುವುದು ಎರಡನೆಯದು.

ಆಕಾರವನ್ನು ಪಡೆಯಲು ಮೂರು ಮಾರ್ಗಗಳಿವೆ. ಹೊಸ ವಾಹನದೊಡನೆ ಬರುವ ಸಣ್ಣ ಬಿಲ್ಲೆಯ ಮೇಲೆ ಕೀಲಿಕೈಯ ಸಂಖ್ಯೆ ಇದ್ದರೆ, ಆ ಸಂಖ್ಯೆಯಿಂದಲೇ ಹಲ್ಲುಗಳನ್ನು ಕೊರೆಯಬಹುದು. ಇದು ಅತ್ಯಂತ ಸುಲಭವಾದುದು. ಎರಡನೆಯದಾಗಿ, ಬಾಗಿಲಿನ ಬೀಗವನ್ನು ಬಿಚ್ಚಿ ಒಳಗಿನ ಬಿಲ್ಲೆಗಳ ಆಳವನ್ನು ಓದಿ, ಅದಕ್ಕೆ ತಕ್ಕಂತೆ ಕೊರೆಯಬಹುದು. ಮೂರನೆಯದು ನಮ್ಮ ಪೇಟೆಗಳ ರಸ್ತೆಬದಿಯಲ್ಲಿ ಕುಳಿತ ಕುಶಲಿಯ ಮಾರ್ಗ. ಹಲ್ಲಿಲ್ಲದ ಬರಿಯ ಕೀಲಿಕೈಯನ್ನು ಬೀಗದೊಳಗೆ ಹಾಕಿ ಬಿಗಿಯಾಗಿ ತಿರುಚಿದಾಗ ಒಳಗಿನ ಬಿಲ್ಲೆಗಳು ಅದರ ಅಂಚಿನ ಮೇಲೆ ನವಿರಾದ ಗುರುತುಗಳನ್ನು ಮೂಡಿಸುತ್ತವೆ. ಗುರುತು ಬಿದ್ದಲ್ಲಿ ಅರದಿಂದ ಸ್ವಲ್ಪ ಸವೆಯಿಸಿ ಮತ್ತೆ ಹಾಕುವುದು, ಮತ್ತೆ ನೋಡುವುದು. ಯಾವ ಸ್ಥಾನದಲ್ಲಿ ಗುರುತು ಬೀಳುವುದು ನಿಲ್ಲುತ್ತದೆಯೋ ಅಲ್ಲಿ ಅರವೂ ನಿಲ್ಲಬೇಕು. ಶಾಸನದ ಪಡಿಯಚ್ಚನ್ನು ತೆಗೆಯುವವನಿಗೆ ಈ ಕೆಲಸದ ಮರ್ಮ ಕೂಡಲೇ ಹೊಳೆಯುತ್ತದೆ. ಇಬ್ಬರೂ ಒಳಗಿರುವುದನ್ನು ಅದು ಬಿಟ್ಟ ಒತ್ತಿನಿಂದ ಓದುವವರು.

ಅಂದು ಲಕ್ಕುಂಡಿಗೆ ಗದಗಿನಿಂದ ಬಂದ ಕುಶಲಿಯು ಕಂದೀಲಿನ ಬೆಳಕಿನಂತೆ ಮಂಕಾದ ಒಂದು ಟಾರ್ಚಿನ ಬೆಳಕಿನಲ್ಲಿ ಈ ರೀತಿಯಾಗಿಯೇ ಕೀಲಿಕೈಯೊಂದನ್ನು ಸಿದ್ಧಪಡಿಸಿದನು. ಬಾಗಿಲು ತೆರೆಯಿತು, ಪಡಿಯಚ್ಚುಗಳು ಕೈಸೇರಿದುವು. ಆದರೆ ಎಂಜಿನ್ನು ಎದ್ದ ಕ್ಷಣದಲ್ಲಿಯೇ ನಿಂತುಹೋಯಿತು. “ಗಾಡಿಗೆ ಇದರ ಪರಿಚಯ ಇಲ್ರಿ ಸರ್” ಎಂದು ಆತನು ಹೇಳಿದ ಮಾತು ಸಂಕ್ಷಿಪ್ತವಾದರೂ ಶಾಸ್ತ್ರಸಮ್ಮತವಾದುದು. ಆಕಾರವು ದೊರೆತಿತ್ತು; ಗುರುತು ದೊರೆತಿರಲಿಲ್ಲ.

ಗುರುತನ್ನು ಮರಳಿ ಪಡೆಯಬೇಕಾದರೆ ಹೊಸ ಚಿಪ್ಪನ್ನು ವಾಹನದ ಸ್ಮೃತಿಯಲ್ಲಿ ಬರೆಯಿಸಬೇಕು. ಸ್ಟೇರಿಂಗಿನ ಕೆಳಗಿರುವ ತಪಾಸಣಾ ಸಂಪರ್ಕಕ್ಕೆ ಯಂತ್ರವನ್ನು ಜೋಡಿಸಿ ಇದನ್ನು ಮಾಡುತ್ತಾರೆ. ಹಳೆಯ ಕೀಲಿಕೈ ಒಂದಾದರೂ ಇದ್ದರೆ ಅದರ ಆಧಾರದಿಂದ ಹೊಸದನ್ನು ಸೇರಿಸುವುದು ಸುಲಭ. ಒಂದೂ ಇಲ್ಲದಿದ್ದರೆ ಅನೇಕ ವಾಹನಗಳಿಗೆ ತಯಾರಕರಲ್ಲಿರುವ ಗುಪ್ತಸಂಖ್ಯೆ ಬೇಕಾಗುತ್ತದೆ. ಕೆಲವಕ್ಕೆ ಸಂಬಂಧಪಟ್ಟ ವಿದ್ಯುನ್ಮಾನ ಪೆಟ್ಟಿಗೆಯನ್ನೇ ಬದಲಾಯಿಸಬೇಕಾಗುತ್ತದೆ. ಚಿಪ್ಪಿಲ್ಲದ ಸ್ಕೂಟರು, ಮೋಟಾರ್ ಸೈಕಲ್ಲುಗಳಲ್ಲಿ ಈ ತೊಡಕಿಲ್ಲ. ಅಲ್ಲಿ ಕೀಲಿಕೈಯನ್ನು ಮಾಡಿಸಬಹುದು, ಇಲ್ಲವೇ ಲಾಕ್ ಸೆಟ್ಟನ್ನೇ ಬದಲಾಯಿಸಬಹುದು.

ಗುಪ್ತಸಂಖ್ಯೆಯನ್ನು ಕೇಳಿ ಬಂದವನು ಒಡೆಯನೋ ಕಳ್ಳನೋ ಎಂಬುದನ್ನು ನಿರ್ಣಯಿಸಲು ಯಂತ್ರಕ್ಕೆ ಶಕ್ಯವಿಲ್ಲ. ಅಲ್ಲಿ ದಾಖಲೆಯೇ ಪ್ರಮಾಣ. ಅಧಿಕೃತ ಮಾರಾಟಗಾರರು ಸಾಮಾನ್ಯವಾಗಿ ನೋಂದಣಿ ಪತ್ರವನ್ನೂ ಅರ್ಜಿದಾರನ ಗುರುತಿನ ಪತ್ರವನ್ನೂ ಕೇಳುತ್ತಾರೆ. ಹಲವರು ಪೊಲೀಸರಿಗೆ ಕೊಟ್ಟ ವರದಿಯ ಪ್ರತಿಯನ್ನೂ ಕೇಳುತ್ತಾರೆ. ನೋಂದಣಿ ಪತ್ರದಲ್ಲಿರುವ ಚಾಸಿ ಸಂಖ್ಯೆಯನ್ನು ವಾಹನದ ಮೇಲೆ ಅಚ್ಚೊತ್ತಿದ ಸಂಖ್ಯೆಯೊಡನೆ ಹೋಲಿಸಿ ನೋಡಲಾಗುತ್ತದೆ. ವಿಮಾಸಂಸ್ಥೆಗೂ ವಿಷಯವನ್ನು ತಿಳಿಸುವುದು ಯುಕ್ತ. ಮುಂದೆ ವಾಹನವು ಕಳುವಾದರೆ ವಿಮಾಸಂಸ್ಥೆಗಳು ಎಲ್ಲ ಕೀಲಿಕೈಗಳನ್ನೂ ಒಪ್ಪಿಸುವಂತೆ ಕೇಳುವುದುಂಟು; ಆಗ ಒಂದು ಏಕಿಲ್ಲವೆಂಬುದಕ್ಕೆ ಹಿಂದಿನ ವರದಿಯೇ ಉತ್ತರವಾಗುತ್ತದೆ.

ಈ ಲೇಖಕನ ಕಾರ್ಯವು ಕೆಟ್ಟುದು ಇಲ್ಲಿಯೇ. ಕಾರನ್ನು ಎಳೆಸಿಕೊಂಡು ಹೋಗಿ ದಾಖಲೆಗಳನ್ನು ಮುಂದಿಟ್ಟಾಗ, ನೋಂದಣಿ ಪತ್ರದಲ್ಲಿ ಹಿಂದಿನ ಒಡೆಯರ ಹೆಸರೇ ಇತ್ತು. ಮೋಟಾರು ವಾಹನಗಳ ಅಧಿನಿಯಮ, ೧೯೮೮ರ ೫೦ನೆಯ ಪ್ರಕರಣದ ಮೇರೆಗೆ ಕೊಂಡವನು ೩೦ ದಿನಗಳೊಳಗಾಗಿ ವರ್ಗಾವಣೆಯನ್ನು ತಿಳಿಸಬೇಕು. ಒಂದೇ ರಾಜ್ಯದೊಳಗಿನ ವ್ಯವಹಾರದಲ್ಲಿ ಮಾರಿದವನು ೧೪ ದಿನಗಳೊಳಗಾಗಿ ತಿಳಿಸಬೇಕು. ನಾಳೆ ಮಾಡಿದರಾಯಿತೆಂದು ಬಿಟ್ಟ ಅಲಕ್ಷ್ಯವು ಈ ಲೇಖಕನದೇ. ಕೀಲಿಕೈ ಕೈಯಲ್ಲಿದ್ದಷ್ಟು ಕಾಲ ಹಣ ಕೊಟ್ಟು ಕೊಂಡವನೇ ಒಡೆಯನೆಂಬಂತೆ ನಡೆದಿತ್ತು. ಅದು ಕಳೆದೊಡನೆ ಅವನು ಯಾರೂ ಅಲ್ಲವೆಂದಾಯಿತು. ಬೇರೆ ಜಿಲ್ಲೆಯಲ್ಲಿದ್ದ ಆ ಹಿರಿಯರು ಸೌಜನ್ಯದಿಂದ ತಾವೇ ಬಂದು ೨೯ ಮತ್ತು ೩೦ನೆಯ ನಮೂನೆಗಳಿಗೆ ರುಜು ಹಾಕಿದರು. ಅವರು ದೊರೆಯದೆ ಹೋಗಿದ್ದರೆ ಪರಿಣಾಮವೇನಾಗುತ್ತಿತ್ತೆಂಬುದನ್ನು ಊಹಿಸಬಹುದು. ಹೆಸರು ಬದಲಾಗಿ, ಹೊಸ ಕೀಲಿಕೈ ಬರುವಷ್ಟರಲ್ಲಿ ಎರಡು ತಿಂಗಳು ಕಳೆದಿದ್ದುವು.

೫. ಶಾಸನಗಳ ಸಾಕ್ಷ್ಯ

ಈ ಸಮಸ್ಯೆಯು ಹೊಸದಲ್ಲವೆಂಬುದಕ್ಕೆ ನಮ್ಮ ದೇಶದ ತಾಮ್ರಶಾಸನಗಳೇ ಸಾಕ್ಷಿಯಾಗಿವೆ. ದತ್ತಿಭೂಮಿಯನ್ನು ಅನುಭವಿಸುವವನಿಗೆ ತಾಮ್ರಪಟವೇ ಹಕ್ಕಿನ ಕೀಲಿಕೈ. ಕಾಮರೂಪದ ಅರಸನಾದ ಭೂತಿವರ್ಮನು ಕೊಟ್ಟಿದ್ದ ಶಾಸನವೊಂದು ಬೆಂಕಿಗೆ ಸಿಕ್ಕಿ ನಾಶವಾಯಿತು. ಏಳನೆಯ ಶತಮಾನದ ಪೂರ್ವಾರ್ಧದಲ್ಲಿ ಅವನ ವಂಶಜನಾದ ಭಾಸ್ಕರವರ್ಮನು ಆ ದತ್ತಿಯನ್ನು ಹೊಸ ಪಟಗಳಲ್ಲಿ ಬರೆಯಿಸಿಕೊಟ್ಟನು. ಇಂದಿನ ಬಾಂಗ್ಲಾದೇಶದ ಸಿಲ್ಹೆಟ್ ಪ್ರಾಂತದ ನಿಧನ್‌ಪುರದಲ್ಲಿ ದೊರೆತ ಈ ಪಟಗಳಲ್ಲಿ ಒಂದು ವಿಶೇಷವಾದ ಹೇಳಿಕೆಯಿದೆ. ಹಳೆಯ ಪಟಗಳು ಸುಟ್ಟುಹೋದ ಬಳಿಕ ಹೊಸದಾಗಿ ಬರೆದುದರಿಂದ ಅಕ್ಷರಗಳ ರೂಪವು ಬೇರೆಯಾಗಿದೆ. ಆ ಕಾರಣಕ್ಕಾಗಿ ಇದನ್ನು ಕೂಟವೆಂದು, ಎಂದರೆ ನಕಲಿಯೆಂದು ಎಣಿಸಬಾರದೆಂಬುದು ಅದರ ತಾತ್ಪರ್ಯ. ಬದಲಿ ಕೀಲಿಕೈಗೆ ಬರುವ ಸಂದೇಹವೇ ಬದಲಿ ಶಾಸನಕ್ಕೂ ಬಂದೀತೆಂದು ಬರೆದವನು ಮುಂಚಿತವಾಗಿಯೇ ಮನಗಂಡಿದ್ದನು.

ಇದರ ಇನ್ನೊಂದು ಮುಖವು ಭಾಸ್ಕರವರ್ಮನ ಸಮಕಾಲೀನನಾದ ಹರ್ಷವರ್ಧನನ ಮಧುಬನ ತಾಮ್ರಶಾಸನದಲ್ಲಿ ಕಾಣುತ್ತದೆ. ವಾಮರಥ್ಯನೆಂಬವನು ಕೂಟಶಾಸನದ ಬಲದಿಂದ ಸೋಮಕುಂಡಕಾ ಎಂಬ ಗ್ರಾಮವನ್ನು ಅನುಭವಿಸುತ್ತಿದ್ದನು. ಅರಸನು ಆ ಪಟವನ್ನು ಮುರಿಸಿ, ಗ್ರಾಮವನ್ನು ಬೇರೆಯವರಿಗೆ ದತ್ತಿ ಬಿಟ್ಟನು. ಹೊಸದನ್ನು ಕೊಡುವುದರೊಡನೆ, ಸಲ್ಲದುದನ್ನು ರದ್ದುಮಾಡುವುದೂ ಅಷ್ಟೇ ಅಗತ್ಯವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ವಾಹನದ ವಿಷಯದಲ್ಲಿಯೂ ಹೀಗೆಯೇ. ಹೊಸ ಕೀಲಿಕೈಯನ್ನು ಬರೆಯಿಸುವಾಗ ಕಳೆದುದರ ಗುರುತನ್ನು ವಾಹನದ ಸ್ಮೃತಿಯಿಂದ ಅಳಿಸಬೇಕು. ಇಲ್ಲದಿದ್ದರೆ ಹೊಲದಲ್ಲಿ ಬಿದ್ದಿರುವ ಹಳೆಯದು ಯಾರ ಕೈಸೇರಿದರೂ ಎಂಜಿನ್ನನ್ನು ಎಬ್ಬಿಸೀತು. ಆದರೆ ಗುರುತನ್ನು ಅಳಿಸಿದರೂ ಅದರ ಹಲ್ಲುಗಳು ಬಾಗಿಲನ್ನು ತೆರೆಯಬಲ್ಲುವು. ಆದುದರಿಂದ ಕಳೆದ ಸ್ಥಳವು ಮನೆಯ ಹತ್ತಿರವಾಗಿದ್ದರೆ ಬಾಗಿಲಿನ ಬೀಗವನ್ನೂ ಬದಲಾಯಿಸುವುದು ಲೇಸು.

೬. ಉಪಸಂಹಾರ

ಈವರೆಗಿನ ವಿವೇಚನೆಯಿಂದ ತಿಳಿದುಬರುವುದೇನೆಂದರೆ, ಕೀಲಿಕೈಯು ಒಡೆತನದ ಸಂಕೇತವೇ ಹೊರತು ಪ್ರಮಾಣವಲ್ಲ. ಸಂಕೇತವು ಕೈಯಲ್ಲಿರುವವರೆಗೆ ಯಾರೂ ಪ್ರಮಾಣವನ್ನು ಕೇಳುವುದಿಲ್ಲ. ಅದು ನಷ್ಟವಾದ ದಿನ ಪ್ರಮಾಣವೊಂದೇ ಉಳಿಯುತ್ತದೆ. ಬ್ರಾಮಾನ ಬೀಗದಿಂದ ಇಂದಿನ ಚಿಪ್ಪಿನವರೆಗೆ ಯಂತ್ರವು ಬಹಳ ಬೆಳೆದಿದ್ದರೂ, ಹಿಡಿದವನು ಹಕ್ಕುದಾರನೇ ಎಂಬ ಪ್ರಶ್ನೆಯನ್ನು ಕೊನೆಗೆ ಬಗೆಹರಿಸುವುದು ಬರೆಹವೇ ಆಗಿದೆ.

ವ್ಯವಹಾರದೃಷ್ಟಿಯಿಂದ ಮೂರು ಮಾತುಗಳನ್ನು ಹೇಳಬಹುದು. ಹಳೆಯ ವಾಹನವನ್ನು ಕೊಳ್ಳುವವರು ಎರಡು ಕೀಲಿಕೈಗಳನ್ನೂ ಕೇಳಿ ಪಡೆಯಬೇಕು; ಒಂದೇ ಇದ್ದರೆ, ಅದು ಇರುವಾಗಲೇ ಇನ್ನೊಂದನ್ನು ಮಾಡಿಸಬೇಕು. ಕೀಲಿಕೈಯ ಸಂಖ್ಯೆಯನ್ನು ಗುರುತುಹಾಕಿಕೊಂಡು ವಾಹನದಿಂದ ಹೊರಗೆ, ಸುರಕ್ಷಿತವಾದ ಸ್ಥಳದಲ್ಲಿಡಬೇಕು. ನೋಂದಣಿಯ ವರ್ಗಾವಣೆಯನ್ನು ಒಂದು ದಿನವೂ ಮುಂದೂಡಬಾರದು. ದಾಖಲೆಗಳ ಮಹತ್ತ್ವವನ್ನು ತರಗತಿಯಲ್ಲಿ ವರ್ಷವರ್ಷವೂ ಬೋಧಿಸುವ ಈ ಲೇಖಕನು ತನ್ನ ಮನೆಯ ದಾಖಲೆಯನ್ನೇ ಅಲಕ್ಷಿಸಿದ್ದನೆಂಬುದನ್ನು ವಿದ್ಯಾರ್ಥಿಗಳು ಲಕ್ಕುಂಡಿಯಲ್ಲಿ ಕಣ್ಣಾರೆ ಕಂಡರು. ಆ ವರ್ಷದ ಪಾಠಗಳಲ್ಲಿ ಅವರು ಮರೆಯದೆ ಉಳಿಸಿಕೊಂಡುದು ಅದೊಂದೇ ಆಗಿದ್ದರೂ ಆಶ್ಚರ್ಯವಿಲ್ಲ.