ಖಾನೇಷುಮಾರಿಯವನ ಕೈಗೆ ಯಾವ ಬೀಗದ ಕೈ?

ನಮ್ಮ ಹಿರಿಯರ ಮನೆಗಳಲ್ಲಿ ಬೀಗದ ಕೈಗಳ ಗೊಂಚಲು ಯಜಮಾನಿತಿಯ ಸೊಂಟವನ್ನು ಬಿಟ್ಟು ಕದಲುತ್ತಿರಲಿಲ್ಲ. ಉಗ್ರಾಣದ ಬೀಗದ ಕೈಯನ್ನು ಅಡಿಗೆಯವರಿಗೆ ಕೊಟ್ಟರೂ ಕೊಟ್ಟಾರು. ಒಡವೆಯ ಪೆಟ್ಟಿಗೆಯ ಬೀಗದ ಕೈಯನ್ನು ಮಾತ್ರ ಹೆತ್ತ ಮಗಳು ಕೇಳಿದರೂ ಒಡನೆಯೇ ಕೊಡುತ್ತಿರಲಿಲ್ಲ. ಇದು ಅಪನಂಬಿಕೆಯಲ್ಲ. ಯಾರ ಕೆಲಸಕ್ಕೆ ಯಾವ ಬಾಗಿಲು ತೆರೆಯಬೇಕೋ ಅವರಿಗೆ ಆ ಬಾಗಿಲಿನದಷ್ಟೇ ಸಾಕೆಂಬ ವಿವೇಕ. ಈ ವಿವೇಕವನ್ನು ಇಂದಿನ ಕಚೇರಿಗಳೂ ವಿದ್ಯಾಶಾಲೆಗಳೂ ಮರೆತರೆ ಏನಾಗುವುದೆಂಬುದನ್ನು ನಮ್ಮ ಮನೆಯವರೇ ಒಂದು ದಿನ ಅನುಭವಿಸಬೇಕಾಯಿತು.

ನಮ್ಮ ಅಕ್ಕನ ಮಗಳು ಒಂದು ಕಾಲೇಜಿನಲ್ಲಿ ಕಂಪ್ಯೂಟರು ಜಾಲವನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಆಗ ಮೂರು ತಿಂಗಳಾಗಿತ್ತು. ವಿದ್ಯಾರ್ಥಿಗಳ ಅಂಕಗಳನ್ನು ವಿಶ್ವವಿದ್ಯಾನಿಲಯಕ್ಕೆ ಕಳುಹಿಸಲು ಅದೇ ಕಡೆಯ ದಿನ. ಬೆಳಗ್ಗೆ ನೋಡಿದರೆ ಅಂಕಗಳನ್ನು ಶೇಖರಿಸಿಟ್ಟ ಕಂಪ್ಯೂಟರು ಯಾರನ್ನೂ ಒಳಗೆ ಬಿಡಲೊಲ್ಲದು. ಆಡಳಿತದ ಮುಖ್ಯ ಖಾತೆ ಮುಚ್ಚಿಹೋಗಿತ್ತು. ಬೇರೊಂದು ಖಾತೆಯ ಸಹಾಯದಿಂದ ಅದನ್ನು ತೆರೆದಳು. ಹತ್ತು ನಿಮಿಷದೊಳಗೆ ಮತ್ತೆ ಮುಚ್ಚಿತು. ಪುನಃ ತೆರೆದಳು, ಪುನಃ ಮುಚ್ಚಿತು. ಕಳ್ಳರಾರೋ ಜಾಲದೊಳಕ್ಕೆ ನುಗ್ಗಿದರೆಂದು ಎಲ್ಲರಿಗೂ ದಿಗಿಲು. ಇನ್ನೂರು ಮಕ್ಕಳ ಒಂದು ವರ್ಷದ ದುಡಿಮೆ ಆ ಪೆಟ್ಟಿಗೆಯಲ್ಲಿ ಸಿಕ್ಕಿಕೊಂಡಿತ್ತು. ರಾತ್ರಿ ಹನ್ನೆರಡಕ್ಕೆ ಸ್ವಲ್ಪ ಮುಂಚೆ ಅಂಕಗಳನ್ನು ಕಳುಹಿಸಿ ಅವಳು ಮನೆಗೆ ಬಂದಾಗ, ಅನ್ನ ಬಡಿಸುತ್ತ, “ಕಳ್ಳ ಸಿಕ್ಕಿದನೇನಮ್ಮ?” ಎಂದು ಕೇಳಿದೆ.

“ಕಳ್ಳ ಹೊರಗಿನವನಲ್ಲ, ಚಿಕ್ಕಮ್ಮ. ನಮ್ಮ ಯಂತ್ರಗಳನ್ನು ಎಣಿಸುವುದಕ್ಕೆಂದು ನಾವೇ ಇಟ್ಟಿದ್ದ ಆಳು ದಿನವೆಲ್ಲ ಬಾಗಿಲು ಬಡಿದು ಈ ಅವಾಂತರ ಮಾಡಿತು” ಎಂದಳು.

ಆ ಆಳು ಯಾರು, ಅದರ ಕೈಗೆ ಯಾವ ಬೀಗದ ಕೈ ಕೊಡಬೇಕಾಗಿತ್ತು ಎಂಬುದನ್ನು ಅವಳಿಂದ ಕೇಳಿ ತಿಳಿದುಕೊಂಡುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳನ್ನು ಇಂತಹ ಕೆಲಸಗಳಿಗೆ ಕಳುಹಿಸಿರುವ ಮನೆಗಳು ಈಗ ಎಷ್ಟೋ ಇರುವುದರಿಂದ, ಇದು ವಾಚಕರಿಗೆ ಅಪ್ರಯೋಜಕವಾಗಲಾರದೆಂದು ನಂಬಿದ್ದೇನೆ.

ಮನೆಯಲ್ಲಿ ಎರಡು ಮೊಬೈಲು, ಒಂದು ಟೆಲಿವಿಷನ್ನು ಇದ್ದರೆ ಲೆಕ್ಕ ಬೆರಳಿನಲ್ಲಿ ಮುಗಿಯುವುದು. ಕಾಲೇಜು, ಆಸ್ಪತ್ರೆ, ಬ್ಯಾಂಕುಗಳಲ್ಲಿ ಹಾಗಲ್ಲ. ಕಂಪ್ಯೂಟರು, ಪ್ರಿಂಟರು, ಕ್ಯಾಮರಾ, ಇವುಗಳನ್ನೆಲ್ಲ ಒಂದಕ್ಕೊಂದು ಜೋಡಿಸುವ ಸ್ವಿಚ್ಚು, ಹೊರಗಣ ಜಾಲಕ್ಕೆ ದಾರಿಮಾಡಿಕೊಡುವ ರೂಟರು, ಹೀಗೆ ನೂರಾರು ಉಪಕರಣಗಳು. ಯಾವುದು ಎಲ್ಲಿದೆ, ಯಾವುದು ಹಳತಾಗಿದೆ ಎಂಬುದೇ ತಿಳಿಯದಿದ್ದರೆ ಅವುಗಳನ್ನು ಕಾಪಾಡುವ ಬಗೆ ಹೇಗೆ? ಅದಕ್ಕಾಗಿಯೇ ಜಾಲದಲ್ಲಿರುವ ಉಪಕರಣಗಳನ್ನು ತಾನಾಗಿಯೇ ಹುಡುಕಿ ಪಟ್ಟಿಮಾಡುವ ಸಾಫ್ಟ್‌ವೇರುಗಳು ಬಂದಿವೆ. ನಮ್ಮ ತಾತಂದಿರು ಖಾನೇಷುಮಾರಿಯೆಂದು ಕರೆಯುತ್ತಿದ್ದ ಜನಗಣತಿ ಮನುಷ್ಯರಿಗೆ ಹೇಗೋ, ಇದು ಯಂತ್ರಗಳಿಗೆ ಹಾಗೆ.

ಜಾಲದಲ್ಲಿ ಪ್ರತಿಯೊಂದು ಯಂತ್ರಕ್ಕೂ ಮನೆಯ ನಂಬರಿನಂತೆ ಒಂದು ಅಂಕೆಯ ವಿಳಾಸವುಂಟು. ಚಿಕ್ಕ ಜಾಲದ ಒಂದು ಬೀದಿಯಲ್ಲಿ ಸಾಧಾರಣವಾಗಿ ೨೫೪ ವಿಳಾಸಗಳಿಗೆ ಸ್ಥಳವಿರುತ್ತದೆ. ಎಣಿಕೆಯ ಸಾಫ್ಟ್‌ವೇರು ಒಂದೊಂದು ವಿಳಾಸದ ಮುಂದೆಯೂ ನಿಂತು “ಯಾರಾದರೂ ಇದ್ದೀರಾ?” ಎಂದು ಕೂಗುವುದು. ಈ ಕೂಗಿಗೆ ಪಿಂಗ್ ಎಂದು ಹೆಸರು. ಇದಕ್ಕೆಂದು ೧೯೮೩ರಲ್ಲಿ ಅಮೆರಿಕದ ಮೈಕ್ ಮೂಸ್ ಎಂಬವರು ಬರೆದ ಸಣ್ಣ ಸಾಧನವು ಇಂದಿಗೂ ಬಳಕೆಯಲ್ಲಿದೆ. ಓಗೊಟ್ಟವರ ವಿಳಾಸವನ್ನು ಬರೆದುಕೊಳ್ಳುವುದೇನೋ ಸರಿ. ಆದರೆ ಒಳಗಿರುವುದು ಪ್ರಿಂಟರೋ, ರೂಟರೋ, ಯಾವ ಕಂಪೆನಿಯದು, ಅದರೊಳಗಿನ ಸಾಫ್ಟ್‌ವೇರು ಹೊಸದೋ ಹಳೆಯದೋ ಎಂಬುದು ಜಗುಲಿಯಲ್ಲಿ ನಿಂತವರಿಗೆ ಪೂರ್ತಿಯಾಗಿ ತಿಳಿಯುವುದಿಲ್ಲ. ಒಳಹೊಕ್ಕು ವಿಚಾರಿಸಬೇಕು. ಒಳಹೋಗಲು ಒಂದು ಹೆಸರು, ಒಂದು ಪಾಸ್‌ವರ್ಡು ಬೇಕು. ತೊಂದರೆ ಹುಟ್ಟುವುದು ಇಲ್ಲಿಯೇ.

ನಮ್ಮ ಹುಡುಗಿಯ ಕಾಲೇಜಿನಲ್ಲಿ ಹಿಂದೆ ಇದ್ದವರು ಸುಲಭವಾದ ದಾರಿಯನ್ನು ಹಿಡಿದಿದ್ದರು. ಎಲ್ಲ ಬಾಗಿಲುಗಳನ್ನೂ ತೆರೆಯಬಲ್ಲ ಮುಖ್ಯಾಧಿಕಾರಿಯ ಹೆಸರನ್ನೂ ಪಾಸ್‌ವರ್ಡನ್ನೂ ಎಣಿಕೆಯ ಸಾಫ್ಟ್‌ವೇರಿಗೆ ಕೊಟ್ಟುಬಿಟ್ಟಿದ್ದರು. ಅಂಕಗಳ ಕಂಪ್ಯೂಟರು ನಡೆಯುತ್ತಿದ್ದುದೂ ಅದೇ ಖಾತೆಯಿಂದ. ನಿಯಮದ ಪ್ರಕಾರ ಪಾಸ್‌ವರ್ಡನ್ನು ಬದಲಾಯಿಸಿದಾಗ ಅಂಕಗಳ ಕಂಪ್ಯೂಟರಿಗೆ ಹೊಸದನ್ನು ತಿಳಿಸಿದರು. ಎಣಿಕೆಯ ಸಾಫ್ಟ್‌ವೇರಿಗೆ ತಿಳಿಸಲು ಮರೆತರು. ಅದು ಹಳೆಯದನ್ನೇ ಹಿಡಿದು ಬಾಗಿಲಿಂದ ಬಾಗಿಲಿಗೆ ಅಲೆಯಿತು. ತಪ್ಪು ಪಾಸ್‌ವರ್ಡು ಕೆಲವು ಸಲ ಬಂದೊಡನೆ ಖಾತೆಯನ್ನೇ ಮುಚ್ಚುವುದು ಕಳ್ಳರಿಂದ ರಕ್ಷಣೆಗಾಗಿ ಇಟ್ಟ ಏರ್ಪಾಡು. ಎಣಿಕೆಯ ಆಳು ಕಳ್ಳನಂತೆ ಕಂಡಿತು, ಶಿಕ್ಷೆ ಯಜಮಾನನಿಗಾಯಿತು.

ಹಾಗಾದರೆ ಮಾಡಬೇಕಾದುದೇನು? ಅವಳು ಮರುದಿನದಿಂದ ಮಾಡಿದ ಕ್ರಮವನ್ನೇ ಹೇಳುತ್ತೇನೆ.

ಮೊದಲನೆಯದಾಗಿ, ಎಣಿಕೆಯ ಕೆಲಸಕ್ಕೆಂದೇ ಪ್ರತ್ಯೇಕವಾದ ಖಾತೆಯನ್ನು ಮಾಡಬೇಕು. ಹೆಸರನ್ನು ನೋಡಿದೊಡನೆ ಇದು ಯಾವ ಕೆಲಸದ್ದೆಂದು ತಿಳಿಯುವಂತಿರಬೇಕು. ಇದರಿಂದ ಎರಡು ಲಾಭ: ಅದು ತಪ್ಪಿದರೆ ಅದೊಂದೇ ಖಾತೆ ಮುಚ್ಚುವುದು, ಆ ಹೆಸರಿನಲ್ಲಿ ಯಾರಾದರೂ ಅಕಾಲದಲ್ಲಿ ಬೇರೆಡೆಯಿಂದ ಪ್ರವೇಶಿಸಿದರೆ ಮೋಸವೆಂದು ಕೂಡಲೇ ಗೊತ್ತಾಗುವುದು.

ಎರಡನೆಯದಾಗಿ, ಆ ಖಾತೆಗೆ ಓದುವ ಅಧಿಕಾರ ಸಾಕು. ತಿದ್ದುವ ಅಧಿಕಾರ ಕೂಡದು. ಜನಗಣತಿಗೆ ಬಂದವರು ಮನೆಯಲ್ಲಿ ಎಷ್ಟು ಮಂದಿಯೆಂದು ಕೇಳಿ ಬರೆದುಕೊಂಡು ಹೋಗುವರೇ ಹೊರತು, ಅಡಿಗೆಮನೆಯ ಪಾತ್ರೆಗಳನ್ನು ಸ್ಥಳ ಬದಲಾಯಿಸುವರೇ? ರೂಟರು ಸ್ವಿಚ್ಚುಗಳಲ್ಲಿ ವಿವರಗಳನ್ನು ತೋರಿಸುವ ಆಜ್ಞೆಗಳನ್ನಷ್ಟೇ ಬಳಸಬಲ್ಲ ಖಾತೆಯನ್ನು ಮಾಡಬಹುದು. ವಿಂಡೋಸ್ ಕಂಪ್ಯೂಟರುಗಳನ್ನು ಹೊರಗಿನಿಂದ ವಿಚಾರಿಸಲು ಸಾಧಾರಣವಾಗಿ ಹೆಚ್ಚಿನ ಅಧಿಕಾರವೇ ಬೇಕಾಗುವುದುಂಟು. ಆಗಲೂ ಇಡೀ ಸಂಸ್ಥೆಯ ಯಜಮಾನಿಕೆಯನ್ನು ಕೊಡದೆ, ಆಯಾ ಕಂಪ್ಯೂಟರಿನ ಮಟ್ಟಿಗೆ ಅವಶ್ಯವಾದಷ್ಟನ್ನೇ ಕೊಡುವುದು ಲೇಸು.

ಮೂರನೆಯದಾಗಿ, ಒಳಹೋಗುವ ದಾರಿಯನ್ನು ಆರಿಸಿಕೊಳ್ಳಬೇಕು. ಜಾಲದ ಉಪಕರಣಗಳನ್ನು ವಿಚಾರಿಸಲು ೧೯೮೮ರಲ್ಲಿ ಎಸ್.ಎನ್.ಎಂ.ಪಿ. ಎಂಬ ಪದ್ಧತಿ ಹುಟ್ಟಿತು. ಅದರ ಹಳೆಯ ರೂಪಗಳಲ್ಲಿ ಪಾಸ್‌ವರ್ಡಿನ ಸ್ಥಾನದಲ್ಲಿ ಇರುವುದು ಕಮ್ಯುನಿಟಿ ಸ್ಟ್ರಿಂಗ್ ಎಂಬ ಒಂದು ಪದ. ಓದಲು ‘ಪಬ್ಲಿಕ್’, ತಿದ್ದಲು ‘ಪ್ರೈವೇಟ್’ ಎಂಬ ಪದಗಳನ್ನು ಎಷ್ಟೋ ಕಾರ್ಖಾನೆಗಳು ಮೊದಲೇ ಹಾಕಿ ಕಳುಹಿಸುತ್ತಿದ್ದುವು. ಕೊಂಡವರು ಅನೇಕರು ಬದಲಾಯಿಸಲೇ ಇಲ್ಲ. ಬದಲಾಯಿಸಿದರೂ ಆ ಪದವು ಬಿಚ್ಚಿಟ್ಟ ಕಾರ್ಡಿನಂತೆ ತಂತಿಯ ಮೇಲೆ ಹೋಗುವುದರಿಂದ, ನಡುವೆ ಕಿವಿಗೊಟ್ಟವರಿಗೆ ಗುಟ್ಟು ರಟ್ಟಾಗುವುದು. ೨೦೦೨ರಲ್ಲಿ ಪೂರ್ಣ ಮಾನ್ಯತೆ ಪಡೆದ ಮೂರನೆಯ ರೂಪದಲ್ಲಿ ಕೇಳುವವರು ಯಾರೆಂಬುದನ್ನು ದೃಢಪಡಿಸಿಕೊಳ್ಳುವ ಏರ್ಪಾಡೂ, ಮಾತನ್ನು ಗೂಢಲಿಪಿಗೆ ತಿರುಗಿಸುವ ಏರ್ಪಾಡೂ ಉಂಟು. ಇವೆರಡಕ್ಕೂ ಬೇರೆ ಬೇರೆ ಪಾಸ್‌ವರ್ಡುಗಳನ್ನಿಟ್ಟು ಈ ಮೂರನೆಯ ರೂಪವನ್ನೇ ಬಳಸಬೇಕು.

ಅದೇ ರೀತಿ ಟೆಲ್‌ನೆಟ್ ಎಂಬ ಹಳೆಯ ದಾರಿಯಲ್ಲಿಯೂ ಪಾಸ್‌ವರ್ಡು ಬಟ್ಟಬಯಲಾಗಿ ಹೋಗುತ್ತದೆ. ಫಿನ್‌ಲೆಂಡಿನ ಒಂದು ವಿದ್ಯಾಲಯದ ಜಾಲದಲ್ಲಿ ಹೀಗೆ ಪಾಸ್‌ವರ್ಡುಗಳ ಕಳವು ನಡೆದ ಮೇಲೆ, ೧೯೯೫ರಲ್ಲಿ ತಾತು ಯುಲೋನೆನ್ ಎಂಬವರು ಎಸ್.ಎಸ್.ಎಚ್. ಎಂಬ ಭದ್ರವಾದ ದಾರಿಯನ್ನು ನಿರ್ಮಿಸಿದರು. ಅದರಲ್ಲಿ ಪಾಸ್‌ವರ್ಡಿನ ಬದಲಿಗೆ ಜೋಡಿ ಬೀಗದ ಕೈಗಳನ್ನು ಉಪಯೋಗಿಸಬಹುದು. ಜೋಡಿಯಲ್ಲಿ ಒಂದನ್ನು ಪ್ರತಿಯೊಂದು ಯಂತ್ರದಲ್ಲಿಯೂ ಇಡುವುದು. ಅದನ್ನು ಯಾರು ನೋಡಿದರೂ ಹಾನಿಯಿಲ್ಲ. ಇನ್ನೊಂದು ಎಣಿಕೆ ಮಾಡುವ ಕಂಪ್ಯೂಟರಿನಲ್ಲಿಯೇ ಉಳಿಯುವುದು. ಅದು ತಂತಿಯ ಮೇಲೆ ಎಂದೂ ಹೋಗುವುದಿಲ್ಲ.

ಇದರ ಬೆಲೆ ಏನೆಂಬುದಕ್ಕೆ ಒಂದು ದೃಷ್ಟಾಂತ ಸಾಕು. ಎಣಿಕೆಯ ಸಾಫ್ಟ್‌ವೇರು ಓಗೊಟ್ಟವರನ್ನೆಲ್ಲ ನಂಬುವ ಸಾಧು ಆಳು. ದುಷ್ಟನೊಬ್ಬನು ಒಂದು ಸುಳ್ಳು ಯಂತ್ರವನ್ನು ಜಾಲಕ್ಕೆ ಸೇರಿಸಿ ಸುಮ್ಮನೆ ಕುಳಿತರೆ ಸಾಕು, ಆಳು ಅವನ ಬಾಗಿಲಿಗೂ ಬಂದು ತನ್ನ ಪಾಸ್‌ವರ್ಡನ್ನು ತಾನೇ ಒಪ್ಪಿಸುವ ಸಂಭವವುಂಟು. ಜೋಡಿ ಬೀಗದ ಕೈಯನ್ನಿಟ್ಟುಕೊಂಡರೆ ಒಪ್ಪಿಸಲು ಪಾಸ್‌ವರ್ಡೇ ಇರುವುದಿಲ್ಲ. ಪರಿಚಯದ ಯಂತ್ರವೇ ಹೌದೇ ಎಂದು ಅದರ ಗುರುತನ್ನು ಮೊದಲು ಪರೀಕ್ಷಿಸುವಂತೆಯೂ ಸಾಫ್ಟ್‌ವೇರಿಗೆ ಕಟ್ಟುಮಾಡಬೇಕು.

ನಾಲ್ಕನೆಯದಾಗಿ, ಯಾವ ವಿಳಾಸದಿಂದ ಯಾವ ವಿಳಾಸದವರೆಗೆ ಎಣಿಸಬೇಕೆಂಬ ಎಲ್ಲೆಯನ್ನು ಗೊತ್ತುಮಾಡಬೇಕು. ತನ್ನದಲ್ಲದ ಜಾಲದ ಬಾಗಿಲನ್ನು ಅಪ್ಪಣೆಯಿಲ್ಲದೆ ತಟ್ಟುವುದು ತಪ್ಪು. ಮೊದಲು ಒಂದೇ ಯಂತ್ರದ ಮೇಲೆ ಪರೀಕ್ಷಿಸಿ, ಸರಿಯಾಗಿ ಒಳಹೋಯಿತೆಂದು ಕಂಡ ಮೇಲೆಯೇ ಹತ್ತಕ್ಕೆ, ಆಮೇಲೆ ನೂರಕ್ಕೆ ಹಬ್ಬಿಸಬೇಕು. ಪ್ರಿಂಟರಿನ ಮುಂದೆ ವಿಂಡೋಸಿನ ಪಾಸ್‌ವರ್ಡನ್ನು ಹೇಳದಂತೆ, ಒಂದೊಂದು ಜಾತಿಯ ಉಪಕರಣಕ್ಕೂ ಅದರದರ ಖಾತೆಯನ್ನೇ ನೇಮಿಸಬೇಕು. ಈ ಖಾತೆಯಿಂದ ಬರುವವರನ್ನು ಎಣಿಕೆಯ ಕಂಪ್ಯೂಟರಿನ ವಿಳಾಸದಿಂದ ಬಂದರೆ ಮಾತ್ರ ಒಳಗೆ ಬಿಡಬೇಕೆಂದು ಉಪಕರಣಗಳಿಗೂ ಹೇಳಿಡುವುದು ಇನ್ನೂ ಒಳ್ಳಿತು.

ಐದನೆಯದಾಗಿ, ಯಾವ ಖಾತೆಯನ್ನು ಎಲ್ಲೆಲ್ಲಿ ಬಳಸಿದೆಯೆಂಬುದನ್ನು ಒಂದು ದಾಖಲೆಯಲ್ಲಿ ಬರೆದಿಡಬೇಕು. ಪಾಸ್‌ವರ್ಡನ್ನಲ್ಲ, ಖಾತೆಯ ವಿವರವನ್ನು. ಪಾಸ್‌ವರ್ಡು ಬದಲಾದಾಗ ಯಾರ್ಯಾರಿಗೆ ತಿಳಿಸಬೇಕೆಂಬುದು ಆ ಪುಟದಿಂದ ತಿಳಿಯುವುದು. ಅದನ್ನು ಬಲ್ಲ ನೌಕರರು ಕೆಲಸ ಬಿಟ್ಟುಹೋದರೆ ಅಂದೇ ಬದಲಾಯಿಸತಕ್ಕದ್ದು.

ಇಷ್ಟೆಲ್ಲ ಬೀಗದ ಕೈಗಳನ್ನು ಹಿಡಿದ ಆ ಒಂದು ಕಂಪ್ಯೂಟರಿನ ಕಾವಲು ಎಲ್ಲಕ್ಕಿಂತ ಮುಖ್ಯ. ಅಮೆರಿಕದ ಸೋಲಾರ್‌ವಿಂಡ್ಸ್ ಎಂಬ ಕಂಪೆನಿಯ ಓರಿಯನ್ ಎಂಬ ಸಾಫ್ಟ್‌ವೇರು ಜಾಲಗಳ ಮೇಲ್ವಿಚಾರಣೆಗೆ ಹೆಸರಾದುದು. ಗೂಢಚಾರರು ಆ ಕಂಪೆನಿಯೊಳಗೆ ನುಸುಳಿ, ೨೦೨೦ರಲ್ಲಿ ಗಿರಾಕಿಗಳಿಗೆ ಹೋಗುವ ಹೊಸ ಆವೃತ್ತಿಯಲ್ಲಿಯೇ ವಿಷವನ್ನು ಬೆರೆಸಿದರು. ಸುಮಾರು ೧೮,೦೦೦ ಗಿರಾಕಿಗಳಿಗೆ ಅದು ತಲಪಿತೆಂದು ಆಗ ಲೆಕ್ಕ ಹಾಕಲಾಯಿತು. ಅಮೆರಿಕ ಸರ್ಕಾರದ ಇಲಾಖೆಗಳೂ ಅವರಲ್ಲಿದ್ದುವು. ಡಿಸೆಂಬರಿನಲ್ಲಿ ಇದು ಬಯಲಾದಾಗ, ಓರಿಯನ್ನಿನಲ್ಲಿ ಇಟ್ಟಿದ್ದ ಎಲ್ಲ ಪಾಸ್‌ವರ್ಡುಗಳೂ ಕಳ್ಳರ ಕೈಸೇರಿದುವೆಂದೇ ಭಾವಿಸಿ ಅವನ್ನೆಲ್ಲ ಬದಲಾಯಿಸಬೇಕೆಂದು ಅಲ್ಲಿನ ಸರ್ಕಾರ ತನ್ನ ಇಲಾಖೆಗಳಿಗೆ ಆಜ್ಞೆಮಾಡಿತು. ಗೊಂಚಲನ್ನು ಹಿಡಿದವನೇ ಕಳ್ಳನ ಮೊದಲ ಗುರಿಯೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಡ. ಅಂತಹ ದಿನ ಬಂದಾಗ, ಆಳಿನ ಕೈಯಲ್ಲಿದ್ದುದು ಓದುವ ಅಧಿಕಾರವಷ್ಟೇ ಆಗಿದ್ದರೆ ನಷ್ಟಕ್ಕೊಂದು ಮಿತಿ. ಯಜಮಾನನ ಅಧಿಕಾರವಾಗಿದ್ದರೆ ಮನೆಯೇ ಸೂರೆ.

ಇದು ದೊಡ್ಡವರ ಮಾತು, ನಮಗೇಕೆ ಎಂದು ಗೃಹಿಣಿಯರು ಎಣಿಸಬಾರದು. ೨೦೧೬ರಲ್ಲಿ ಮಿರಾಯ್ ಎಂಬ ದುಷ್ಟ ಸಾಫ್ಟ್‌ವೇರು, ಕಾರ್ಖಾನೆಯವರು ಹಾಕಿಕೊಟ್ಟ ಸುಮಾರು ಅರವತ್ತು ಹೆಸರು ಪಾಸ್‌ವರ್ಡುಗಳ ಜೋಡಿಗಳನ್ನಷ್ಟೇ ಕೈಯಲ್ಲಿ ಹಿಡಿದು, ಲಕ್ಷಾಂತರ ಮನೆಯ ರೂಟರುಗಳನ್ನೂ ಕ್ಯಾಮರಾಗಳನ್ನೂ ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರ್ ೨೧ರಂದು ಇಂತಹ ಉಪಕರಣಗಳ ದಂಡೇ ಡಿನ್ ಎಂಬ ಕಂಪೆನಿಯ ಮೇಲೆ ಎರಗಿದುದರಿಂದ ಟ್ವಿಟರ್ ಮುಂತಾದ ತಾಣಗಳು ಹಲವು ಗಂಟೆಗಳ ಕಾಲ ಅನೇಕರಿಗೆ ಸಿಕ್ಕದೆಹೋದುವು. ಬ್ರಿಟನ್ನಿನಲ್ಲಿ ೨೦೨೪ರ ಏಪ್ರಿಲ್ ೨೯ರಿಂದ, ಮನೆಬಳಕೆಯ ಇಂತಹ ಉಪಕರಣಗಳೆಲ್ಲಕ್ಕೂ ಒಂದೇ ಸುಲಭ ಪಾಸ್‌ವರ್ಡನ್ನು ಹಾಕಿ ಮಾರುವುದನ್ನು ಕಾನೂನಿನಿಂದ ನಿಷೇಧಿಸಿರುತ್ತಾರೆ.

ನಮ್ಮ ಹುಡುಗಿಯ ಹೊಸ ಎಣಿಕೆ ಒಂದು ವಾರದಲ್ಲಿ ಮುಗಿಯಿತು. ಯಾವ ಪಟ್ಟಿಯಲ್ಲಿಯೂ ಇಲ್ಲದೆ, ಯಾರೋ ತಂದು ಸೇರಿಸಿ ಮರೆತಿದ್ದ ಒಂದು ರೂಟರು ಹಾಸ್ಟೆಲಿನ ಮೆಟ್ಟಿಲ ಕೆಳಗೆ ಸಿಕ್ಕಿತಂತೆ. ಅದರ ಪಾಸ್‌ವರ್ಡು ಪೆಟ್ಟಿಗೆಯಿಂದ ತೆಗೆದಾಗ ಇದ್ದುದೇ. ಆ ಸಂಜೆ ಮನೆಗೆ ಬಂದವಳು ಕಾಫಿ ಕುಡಿಯುವ ಮುಂಚೆಯೇ ನಮ್ಮ ನಡುಮನೆಯ ರೂಟರನ್ನು ನೋಡಿದಳು.

“ಚಿಕ್ಕಮ್ಮ, ಇದರ ಹೆಸರೂ ‘ಅಡ್ಮಿನ್’, ಪಾಸ್‌ವರ್ಡೂ ‘ಅಡ್ಮಿನ್’! ಊರಿಗೆಲ್ಲ ಬುದ್ಧಿ ಹೇಳಿ ಬಂದೆ” ಎಂದು ನಕ್ಕಳು.

ಮನೆ ಗೆದ್ದು ಮಾರು ಗೆಲ್ಲು ಎಂದು ಸುಮ್ಮನೆ ಹೇಳಿದರೇ? ಆ ರಾತ್ರಿ ಊಟಕ್ಕೆ ಮೊದಲು ಅದನ್ನು ಬದಲಾಯಿಸಿದೆವು. ಹೊಸದು ಯಾವುದೆಂದು ನಮ್ಮ ಯಜಮಾನರು ಕೇಳಿದರು, ಅವರಿಗೆ ಹೇಳಿದೆ. ನೆರೆಮನೆಯವರೂ ಕೇಳಿದರು, ಅವರಿಗೆ ಕಾಫಿ ಕೊಟ್ಟು ಕಳುಹಿಸಿದೆ.