ಒಂದು ಪಾಲು ತಾಲೀಸ, ಮೂವತ್ತೆರಡು ಪಾಲು ಸಕ್ಕರೆ

ಪೈನ್ ಅಂದರೆ ಕೃಷ್ಣರಾಜಪುರದವರಿಗೆ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ನೆನಪಾಗಬಹುದು, ಕೆಮ್ಮಂತೂ ಅಲ್ಲ. ಆದರೂ ಗ್ರಂಧಿಗೆ ಅಂಗಡಿಗೆ ಹೋಗಿ ತಾಲೀಸಪತ್ರೆ ಕೇಳಿ ನೋಡಿ. “ಕೆಮ್ಮಿಗಾ? ಮಗುಗಾ, ದೊಡ್ಡೋರಿಗಾ?” ಎನ್ನುತ್ತಲೇ ಅಂಗಡಿಯವರು ಡಬ್ಬಿಗೆ ಕೈ ಹಾಕುತ್ತಾರೆ.

ಒಣಗಿ ಕಂದಾದ ಈ ಸೂಜಿ ಎಲೆ ಪೈನ್ ಕುಟುಂಬದ್ದೇ ಆದ ಫರ್ ಮರದ್ದು. ಹಿಮಾಲಯದಲ್ಲಿ ಸುಮಾರು 3,000 ಮೀಟರ್ ಎತ್ತರದ ಚಳಿಯಲ್ಲಿ ಬೆಳೆಯುವ ಮರ. ನಮ್ಮ ಕಡೆ ಇಲ್ಲ. ಅದರ ಎಲೆಯನ್ನು ಇಲ್ಲಿಯವರೆಗೆ ಎಳೆದು ತಂದದ್ದು ಚರಕಸಂಹಿತೆಯ ತಾಲೀಸಾದಿ ಚೂರ್ಣ. ಅದರ ಲೆಕ್ಕವೇ ಚೆಂದ: ತಾಲೀಸ 1 ಪಾಲು, ಕರಿಮೆಣಸು 2, ಒಣಶುಂಠಿ 3, ಹಿಪ್ಪಲಿ 4, ಬಿದಿರಿನೊಳಗೆ ಸಿಗುವ ವಂಶಲೋಚನ 5. ಏಲಕ್ಕಿ, ದಾಲ್ಚಿನ್ನಿ ಅರ್ಧರ್ಧ. ಹಿಪ್ಪಲಿಯ ಎಂಟು ಪಟ್ಟು, ಅಂದರೆ 32 ಪಾಲು ಸಕ್ಕರೆ. ಒಮ್ಮೆ ಕಿವಿಗೆ ಬಿದ್ದರೆ ಮರೆಯುವಂಥದ್ದಲ್ಲ.

ಒಟ್ಟು 48 ಪಾಲಿನಲ್ಲಿ ಹೆಸರು ಕೊಟ್ಟ ಎಲೆಯದು ಒಂದೇ ಪಾಲು. ಮೆಣಸು, ಶುಂಠಿ, ಏಲಕ್ಕಿಗೆ ನಮ್ಮ ಮಲೆನಾಡೇ ಸಾಕು. ಬೇಕಾದದ್ದು ಇಷ್ಟೇ ಇಷ್ಟು ಆದ್ದರಿಂದಲೇ ದೂರದ ಎಲೆ ದಕ್ಷಿಣದಲ್ಲೂ ಬಾಳಿಕೊಂಡಿತು ಎಂದು ನನ್ನ ಎಣಿಕೆ. ಗಂಟಲು ಹಗುರಾಗುವುದರಲ್ಲಿ ಸಕ್ಕರೆ, ಶುಂಠಿಯದೇ ದೊಡ್ಡ ಪಾತ್ರ ಎಂದರೆ ಪಂಡಿತರು ಮುನಿಸಿಕೊಳ್ಳಬಹುದು!

ಕೊಳ್ಳುವಾಗ ಎಲೆಯನ್ನು ಮಗುಚಿ ನೋಡಬೇಕು. ಫರ್ ಎಲೆಯ ಅಡಿಯಲ್ಲಿ ಎರಡು ಬಿಳಿ ಗೆರೆ ಓಡುತ್ತವೆ, ತುದಿ ಚೂರು ಸೀಳಿರುತ್ತದೆ. ಗೆರೆಯಿಲ್ಲದೆ ತುದಿ ಚೂಪಾಗಿದ್ದರೆ ಅದು ಯೂ ಮರದ್ದಿರಬಹುದು. ಅದನ್ನೂ ಇದೇ ಹೆಸರಿನಲ್ಲಿ ಮಾರುವುದುಂಟು. ಕ್ಯಾನ್ಸರ್ ಔಷಧಿ ಟ್ಯಾಕ್ಸಾಲ್ ಸಿಕ್ಕಿದ್ದು ಯೂ ಜಾತಿಯಿಂದಲೇ ಆದರೂ ಅದರ ಎಲೆ ವಿಷ.

ಅಪ್ಪಟ ಪೈನ್ ನಮ್ಮ ಮನೆ ಸೇರಿದ್ದು ಬೇರೆ ದಾರಿಯಲ್ಲಿ. ಆಯುರ್ವೇದ ಸರಳ ಎನ್ನುವ ಚೀಡ್ ಮರದ ಅಂಟನ್ನು ಭಟ್ಟಿ ಇಳಿಸಿದರೆ ಟರ್ಪೆಂಟೈನ್ ಎಣ್ಣೆ. ಅಮೆರಿಕದ ಔಷಧ ವ್ಯಾಪಾರಿ ಲನ್ಸ್‌ಫರ್ಡ್ ರಿಚರ್ಡ್‌ಸನ್ ಹುಟ್ಟುಹಾಕಿದ ವಿಕ್ಸ್ ಡಬ್ಬಿ ಇಲ್ಲಿ ಆಯುರ್ವೇದ ಔಷಧಿಯಾಗಿ ಮಾರಾಟವಾಗುತ್ತದೆ. ಕರ್ಪೂರ, ನೀಲಗಿರಿ ಎಣ್ಣೆಯ ಜೊತೆ ಅದರಲ್ಲಿ ಟರ್ಪೆಂಟೈನೂ ಇದೆ. ಎದೆಗೆ ಹಚ್ಚಿದರೆ ಉಸಿರು ಸಲೀಸಾದಂತೆ ಅನಿಸುತ್ತದೆ, ರೋಗ ಹೋಗುವುದಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಗಂತೂ ಹಚ್ಚಬಾರದು.

ಚರಕ ತಾಲೀಸಾದಿ ಚೂರ್ಣವನ್ನು ಹೇಳಿರುವುದು ರಾಜಯಕ್ಷ್ಮದ, ಅಂದರೆ ಕ್ಷಯದ ಅಧ್ಯಾಯದಲ್ಲಿ. ಆಗ ರೋಗಾಣುವಿನ ಸುಳಿವಿರಲಿಲ್ಲ; ಜರ್ಮನ್ ವೈದ್ಯ ರಾಬರ್ಟ್ ಕಾಖ್ ಅದನ್ನು ಕಂಡದ್ದು 1882ರಲ್ಲಿ. ಈಗ ಕೆಮ್ಮು ಎರಡು ವಾರ ದಾಟಿದರೆ ಚೂರ್ಣವನ್ನು ನಂಬಿ ಕೂರದೆ ಕಫ ಪರೀಕ್ಷೆ ಮಾಡಿಸಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡು ಕೇಳುವುದಿಲ್ಲ.